ಕೋಹಾ ಗೈಡ್‌ಗಳು ರಾಶಿ ಇವೆ, ಬೇಕಾದಾಗ ಸಿಗೋದಿಲ್ಲ: ಎಲ್ಲರೂ ಸೇರಿ ಜೋಡಿಸುವುದು ಹೇಗೆ?

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಕಾಲೇಜು ಲೈಬ್ರರಿಗಳಲ್ಲಿ ಕೋಹಾ ಅನ್ನೋ ಉಚಿತ ಲೈಬ್ರರಿ ಸಾಫ್ಟ್‌ವೇರ್ ಬಳಸುವವರು ಈಗ ಸಾಕಷ್ಟು ಜನ ಇದ್ದೇವೆ. ಕೆಲವರು ಇನ್‌ಫ್ಲಿಬ್‌ನೆಟ್‌ನ ಸೋಲ್ ಸಾಫ್ಟ್‌ವೇರ್‌ನಿಂದ ಬಂದವರು, ಕೆಲವರು ಎನ್‌ಐಸಿಯ ಇ-ಗ್ರಂಥಾಲಯದಿಂದ, ಇನ್ನು ಕೆಲವರು ರಿಜಿಸ್ಟರ್ ಮುಚ್ಚಿಟ್ಟು ನೇರವಾಗಿ ಬಂದವರು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಟೀಮ್ ಬರುತ್ತದೆ, ಲೈಬ್ರರಿ ಆಟೊಮೇಶನ್ ಆಗಿದೆಯಾ ಅಂತ ಕೇಳುತ್ತದೆ, ದುಡ್ಡು ಇರೋದಿಲ್ಲ, ಆಗ ಕೋಹಾ. ಒಳ್ಳೆಯ ಆಯ್ಕೆಯೇ. ಆದರೆ ಸಣ್ಣ ಕಾಲೇಜುಗಳು ಸಪೋರ್ಟ್ ಕಾಂಟ್ರಾಕ್ಟ್ ತೆಗೆದುಕೊಂಡಿರೋದಿಲ್ಲ. ಕೌಂಟರ್ ಮುಂದೆ ಹುಡುಗರು ಸಾಲು ನಿಂತಾಗ ಏನಾದರೂ ಕೆಟ್ಟರೆ, ಫೋನ್ ಹೋಗುವುದು ಇನ್ನೊಂದು ಊರಿನ ಲೈಬ್ರರಿಯನ್‌ಗೆ.

ಹೀಗೆ ಕೇಳುತ್ತಾ ಹೇಳುತ್ತಾ ನಾವು ಬರೆದಿಟ್ಟ ಗೈಡ್‌ಗಳು ಕಡಿಮೆ ಏನಿಲ್ಲ. ಒಂದು ಯಾರದ್ದೋ ಡ್ರೈವ್‌ನಲ್ಲಿದೆ, ಒಂದು ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಸುತ್ತುತ್ತಿದೆ, ಇನ್ನೊಂದು ಯಾವುದೋ ವರ್ಕ್‌ಶಾಪ್‌ನಲ್ಲಿ ಕೊಟ್ಟ ಝೆರಾಕ್ಸ್. ಬೇಕಾದ ಹೊತ್ತಿಗೆ ಸಿಗೋದಿಲ್ಲ. ಸಿಕ್ಕರೆ ಯಾವ ವರ್ಷನ್‌ದು ಅಂತ ಗೊತ್ತಾಗೋದಿಲ್ಲ. ಬರೆಯುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಬರೆದದ್ದನ್ನು ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಇಲ್ಲ. ಅದನ್ನು ಕಟ್ಟೋದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮೂಡಲ್, ಡಿಸ್ಪೇಸ್‌ನಂಥ ಬೇರೆ ಉಚಿತ ಸಾಫ್ಟ್‌ವೇರ್ ಬಳಸುವವರಿಗೂ ಇದರಲ್ಲಿ ಬಹಳಷ್ಟು ಹಾಗೇ ನಡೆಯುತ್ತದೆ.

ಮೊದಲು ಇರೋದನ್ನೆಲ್ಲ ಪಟ್ಟಿ ಮಾಡಿ

ಹೊಸ ಗೈಡ್ ಬರೆಯೋಕೆ ಕೂರಬೇಡಿ. ಒಂದು ಗೂಗಲ್ ಶೀಟ್ ತೆರೆಯಿರಿ. ಎಲ್ಲರ ಹತ್ತಿರ ಇರುವ ಪಿಡಿಎಫ್, ವರ್ಡ್ ಫೈಲ್, ಉಳಿಸಿಟ್ಟ ಮೆಸೇಜು, ನೋಟ್‌ಬುಕ್ ಪುಟದ ಫೋಟೊ, ಎಲ್ಲಾನೂ ಒಂದೊಂದು ಸಾಲಿನಲ್ಲಿ ನಮೂದಿಸಿ. ಯಾವ ಕೆಲಸಕ್ಕೆ, ಯಾರು ಬರೆದದ್ದು, ಯಾವ ವರ್ಷನ್, ಈಗ ಎಲ್ಲಿದೆ, ಇವತ್ತಿಗೂ ನಡೆಯುತ್ತದಾ, ಇಷ್ಟು ಕಾಲಂ ಸಾಕು. ಕೊನೆಯ ಕಾಲಂನಲ್ಲಿ ಬಹಳ ಕಡೆ 'ಗೊತ್ತಿಲ್ಲ' ಅಂತಾನೇ ಬರುತ್ತದೆ, ಬರಲಿ. ಪುಸ್ತಕ ಅಕ್ಸೆಶನ್ ಮಾಡುವಾಗ, ಅಂದರೆ ರಿಜಿಸ್ಟರ್‌ಗೆ ಸೇರಿಸುವಾಗ, ಅದು ಒಳ್ಳೆಯದೋ ಅಲ್ಲವೋ ಅಂತ ಕೂತು ನೋಡೋದಿಲ್ಲ, ಮೊದಲು ನಂಬರ್ ಹಾಕುತ್ತೇವೆ. ಇದೂ ಹಾಗೇ.

ಪಟ್ಟಿ ಮುಗಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಕೋಹಾ ಇನ್‌ಸ್ಟಾಲ್ ಮಾಡುವ ಗೈಡ್‌ಗಳು ಬೇಕಾದಷ್ಟು ಇರುತ್ತವೆ, ಯಾಕಂದ್ರೆ ಅದು ಮುಗಿದ ಖುಷಿಯಲ್ಲಿ ಎಲ್ಲರೂ ಒಂದೊಂದು ಬರೆದಿರುತ್ತಾರೆ. ಬ್ಯಾಕಪ್‌ನಿಂದ ಡೇಟಾ ವಾಪಸ್ ತರುವ ಗೈಡ್ ಸಿಗೋದು ಕಷ್ಟ. ಇನ್‌ಸ್ಟಾಲ್ ಒಂದು ಸಲದ ಕೆಲಸ, ಯಾರಾದರೂ ಬಂದು ಮಾಡಿಕೊಟ್ಟು ಹೋಗುತ್ತಾರೆ. ಹಾರ್ಡ್ ಡಿಸ್ಕ್ ಹೋದ ದಿನ ಯಾರೂ ಇರೋದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಖಾಲಿ ಕಂಡ ಜಾಗಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ ಇಡಿ. ಮುಂದೆ ಏನು ಬರೆಯಬೇಕು ಅನ್ನೋ ಪಟ್ಟಿ ಅದೇ.

ಹೆಸರು ಕೌಂಟರ್ ಮಾತಿನಲ್ಲಿ ಇರಲಿ

'ಝೀಬ್ರಾ ಇಂಡೆಕ್ಸಿಂಗ್ ನಿರ್ವಹಣೆ' ಅಂತ ಒಂದು ಗೈಡ್‌ಗೆ ಹೆಸರಿಟ್ಟರೆ ಅದನ್ನು ಯಾರು ತೆರೆಯುತ್ತಾರೆ ಹೇಳಿ? ಝೀಬ್ರಾ ಅಂದರೆ ಕೋಹಾದಲ್ಲಿ ಹುಡುಕಾಟ ನಡೆಸುವ ಭಾಗ ಅಂತ ಗೊತ್ತಿರುವವರು. ಅವರಿಗೆ ಆ ಗೈಡ್ ಬೇಕಾಗಿಯೇ ಇಲ್ಲ. ಮುಂಡರಗಿಯಿಂದಲೋ ಹಾನಗಲ್‌ನಿಂದಲೋ ಫೋನ್ ಮಾಡುವವರು ಕೇಳೋದು ಹೀಗೆ: "ಸರ್, ಹೊಸಾ ಬುಕ್ ಎಂಟ್ರಿ ಮಾಡೀನ್ರಿ, ಒಪ್ಯಾಕ್‌ನ್ಯಾಗ ಕಾಣವಲ್ದು." ಒಪ್ಯಾಕ್ ಅಂದರೆ ಓದುಗರು ಪುಸ್ತಕ ಹುಡುಕುವ ಪುಟ. ಹಾಗಾದರೆ ಗೈಡ್ ಹೆಸರು 'ಹೊಸ ಪುಸ್ತಕ ಒಪ್ಯಾಕ್‌ನಲ್ಲಿ ಕಾಣುತ್ತಿಲ್ಲ'. ಒಳಗೆ ಝೀಬ್ರಾ ಬರಲಿ, ಇಂಡೆಕ್ಸ್ ಮತ್ತೆ ಕಟ್ಟುವ ಕಮಾಂಡ್ ಬರಲಿ, ಅದು ಏಕೆ ಬೇಕು ಅಂತ ಒಂದೆರಡು ಸಾಲು ಬರಲಿ.

ಇದರ ಜೊತೆ ಇನ್ನೊಂದು. ಸ್ಕ್ರೀನ್ ಮೇಲೆ ಇರುವ ಹೆಸರು ಬೇರೆ, ನಮ್ಮ ಬಾಯಲ್ಲಿ ಇರುವ ಹೆಸರು ಬೇರೆ. ಕೋಹಾ 'ಚೆಕ್ ಔಟ್' ಅನ್ನುತ್ತದೆ, ನಾವು ಇಶ್ಯೂ ಅನ್ನುತ್ತೇವೆ. ಅದು 'ಪೇಟ್ರನ್' ಅನ್ನುತ್ತದೆ, ನಾವು ಮೆಂಬರ್ ಅಥವಾ ಬಾರೋವರ್. ಹುಡುಕುವವರು ತಮ್ಮ ಪದ ಹಾಕಿಯೇ ಹುಡುಕುತ್ತಾರೆ. ಅದಕ್ಕೆ ಪ್ರತಿ ಗೈಡ್‌ನ ಕೆಳಗೆ 'ಹುಡುಕುವ ಪದಗಳು' ಅಂತ ಒಂದು ಸಾಲು ಸೇರಿಸಿ. ಅಲ್ಲಿ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎಲ್ಲಾ ಹೆಸರು ಹಾಕಿ. ಸಣ್ಣ ಕೆಲಸ, ಆದರೆ ಇದೊಂದರಿಂದಲೇ ಫೋನ್ ಕರೆ ಎಷ್ಟೋ ಕಡಿಮೆ ಆಗುತ್ತವೆ.

ಮೆನು ಪ್ರಕಾರ ಜೋಡಿಸಬೇಡಿ

ಎಲ್ಲರೂ ಮೊದಲು ಮಾಡೋದು ಇದನ್ನೇ. ಸರ್ಕ್ಯುಲೇಶನ್, ಪೇಟ್ರನ್ಸ್, ಕ್ಯಾಟಲಾಗಿಂಗ್, ಟೂಲ್ಸ್, ಅಡ್ಮಿನಿಸ್ಟ್ರೇಶನ್ ಅಂತ ಕೋಹಾದ ಮೆನು ಹೇಗಿದೆಯೋ ಹಾಗೇ ಫೋಲ್ಡರ್ ಮಾಡುತ್ತಾರೆ. ನೋಡೋಕೆ ಚೆಂದ. ತೊಂದರೆ ಏನಂದ್ರೆ ಮೆನು ಬದಲಾಗುತ್ತದೆ. ಪುಸ್ತಕದ ಬೆನ್ನಿಗೆ ಅಂಟಿಸುವ ಸ್ಪೈನ್ ಲೇಬಲ್ ಮಾಡುವ ಲೇಬಲ್ ಕ್ರಿಯೇಟರ್ ಬಹಳ ಕಾಲ ಟೂಲ್ಸ್‌ನಲ್ಲಿ ಇತ್ತು. ಕೋಹಾದ 22.11 ವರ್ಷನ್‌ನಲ್ಲಿ ಕ್ಯಾಟಲಾಗಿಂಗ್‌ಗೆ ತನ್ನದೇ ಮುಖಪುಟ ಬಂತು, ಲೇಬಲ್, ಸ್ಟಾಕ್ ಚೆಕ್ ಮಾಡುವ ಇನ್ವೆಂಟರಿ, ಮಾರ್ಕ್ ರೆಕಾರ್ಡ್ (ಪುಸ್ತಕದ ವಿವರ ಬರೆಯುವ ಸಿದ್ಧ ರೂಪ) ಇಂಪೋರ್ಟ್ ಇವೆಲ್ಲ ಅಲ್ಲಿಗೆ ಹೋದವು. ಟೂಲ್ಸ್ ಫೋಲ್ಡರ್‌ನಲ್ಲಿ ಹುಡುಕುವವರಿಗೆ ಟೂಲ್ಸ್ ಮೆನುವೇ ಅವರ ಸ್ಕ್ರೀನ್‌ನಲ್ಲಿ ಬೇರೆ ಥರ ಕಾಣುತ್ತದೆ.

ಕೆಲಸ ಬದಲಾಗೋದಿಲ್ಲ. ಜೂನ್-ಜುಲೈ ಬಂದರೆ ಅಡ್ಮಿಶನ್, ಹೊಸ ಹುಡುಗರ ಪಟ್ಟಿ ಸೇರಿಸಬೇಕು, ಕಾರ್ಡ್ ಮಾಡಬೇಕು. ಪರೀಕ್ಷೆ ಹತ್ತಿರ ಬಂದರೆ ನೋ ಡ್ಯೂ. ಮಾರ್ಚ್ ಬಂದರೆ ಖರೀದಿ ಬಿಲ್ಲು, ಆಮೇಲೆ ಸ್ಟಾಕ್ ವೆರಿಫಿಕೇಶನ್. ನ್ಯಾಕ್ ಬಂತು ಅಂದರೆ ರಿಪೋರ್ಟ್ ಮೇಲೆ ರಿಪೋರ್ಟ್. ಹಾಗಾಗಿ ನನ್ನ ಸಲಹೆ ಇಷ್ಟು. ಮುಖಪುಟದಲ್ಲಿ ಎಲ್ಲಕ್ಕಿಂತ ಮೇಲೆ 'ಈಗಲೇ ಕೆಲಸ ನಿಂತಿದೆ' ಅಂತ ಒಂದು ಭಾಗ. ಕೋಹಾ ತೆರೆಯುತ್ತಿಲ್ಲ, ಲಾಗಿನ್ ಆಗುತ್ತಿಲ್ಲ, ಪುಸ್ತಕ ಕಾಣುತ್ತಿಲ್ಲ, ರಸೀದಿ ಪ್ರಿಂಟ್ ಆಗುತ್ತಿಲ್ಲ, ಇಂಥವು ಮಾತ್ರ. ಅದರ ಕೆಳಗೆ ಕೌಂಟರ್ ಕೆಲಸ, ಪುಸ್ತಕ ಸೇರಿಸುವ ಕೆಲಸ, ರಿಪೋರ್ಟ್, ಸರ್ವರ್. ಪಕ್ಕದಲ್ಲಿ ತಿಂಗಳ ಪಟ್ಟಿ, ಈ ತಿಂಗಳು ಸಾಮಾನ್ಯವಾಗಿ ಯಾವ ಗೈಡ್ ಬೇಕಾಗುತ್ತವೆ ಅಂತ. ಒಂದೇ ಗೈಡ್ ಎರಡು ಕಡೆ ಕಾಣಬೇಕಾದರೆ ಎರಡು ಕಡೆ ಲಿಂಕ್ ಕೊಡಿ. ಕಾಪಿ ಮಾತ್ರ ಮಾಡಬೇಡಿ, ಕಾಪಿ ಮಾಡಿದ ದಿನದಿಂದಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಸರ್ವರ್ ಭಾಗವನ್ನು ಬೇರೆಯಾಗಿಯೇ ಇಡಿ. ಕೌಂಟರ್‌ನಲ್ಲಿ ಕೂರುವ ಸಹಾಯಕರಿಗೆ ಟರ್ಮಿನಲ್ ಕಮಾಂಡ್ ಕಂಡರೆ ಗಾಬರಿ ಆಗುತ್ತದೆ. ಅವರಿಗೆ ಬೇಕಿಲ್ಲದ್ದನ್ನು ಅವರ ಮುಂದೆ ಇಡೋದು ಸರಿಯಲ್ಲ.

ಕೇಳಿದವರೇ ಬರೆಯಲಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡೋದಾದರೆ ಇದನ್ನು ನೆನಪಿಡಿ. ಗೈಡ್ ಬರೆಯಬೇಕಾದದ್ದು ಉತ್ತರ ಗೊತ್ತಿದ್ದವರಲ್ಲ, ಪ್ರಶ್ನೆ ಕೇಳಿದವರು. ಉತ್ತರ ಹೇಳಿದವರು ಅದನ್ನು ಓದಿ ತಿದ್ದಿಕೊಡಬೇಕು.

ಕಾರಣ ಇದೆ. ವರ್ಷಗಟ್ಟಲೆ ಮಾಡಿದವರಿಗೆ ನಡುವಿನ ಹೆಜ್ಜೆಗಳು ಕೈಗೆ ರೂಢಿಯಾಗಿರುತ್ತವೆ, ಬರೆಯುವಾಗ ಬಿಟ್ಟು ಹೋಗುತ್ತವೆ. 'ಸಿಎಸ್‌ವಿ ಫೈಲ್ ಮಾಡಿ ಅಪ್‌ಲೋಡ್ ಮಾಡಿ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಮೊದಲ ಸಲ ಹುಡುಗರ ಪಟ್ಟಿ ಇಂಪೋರ್ಟ್ ಮಾಡಿದವರಿಗೆ ಗೊತ್ತಿರುತ್ತದೆ: ಎಕ್ಸೆಲ್‌ನಲ್ಲಿ ಕಾರ್ಡ್ ನಂಬರಿನ ಮುಂದಿನ ಸೊನ್ನೆ ಮಾಯವಾಗುತ್ತದೆ, ಹುಟ್ಟಿದ ದಿನಾಂಕದ ರೂಪ ತಾನೇ ಬದಲಾಗುತ್ತದೆ, ಬ್ರ್ಯಾಂಚ್ ಮತ್ತು ಕೆಟಗರಿ ಕಾಲಂನಲ್ಲಿ ಹೆಸರು ಹಾಕಿದರೆ ನಡೆಯೋದಿಲ್ಲ, ಕೋಹಾದಲ್ಲಿ ಕೊಟ್ಟಿರುವ ಕೋಡ್ ಅನ್ನೇ ಹಾಕಬೇಕು. ಅಪ್ಲಿಕೇಶನ್ ಕಷ್ಟವಲ್ಲ, ಈ ಸಣ್ಣ ಸಣ್ಣ ಜಾಗಗಳೇ ಕಷ್ಟ. ಅಲ್ಲಿ ಈಗಷ್ಟೇ ಸಿಕ್ಕಿಹಾಕಿಕೊಂಡು ಹೊರಗೆ ಬಂದವರಿಗೆ ಮಾತ್ರ ಅವು ಸ್ಪಷ್ಟವಾಗಿ ನೆನಪಿರುತ್ತವೆ, ಅದೂ ಒಂದೆರಡು ದಿನ.

ಅದಕ್ಕೆ ಫೋನಿನಲ್ಲಿ ಸಹಾಯ ಮಾಡಿದ ಮೇಲೆ ಕೊನೆಗೆ ಒಂದು ಮಾತು ಹೇಳಿಬಿಡಿ: "ಮೇಡಮ್, ಆಯ್ತಲ್ರಿ? ಈಗ ಏನೇನ್ ಮಾಡಿದ್ರಿ ಅದನ್ನ ಹಂಗs ಬರದು ಕಳಸ್ರಿ, ನಾ ನೋಡಿ ಸರಿ ಮಾಡ್ತೀನಿ." ಟೈಪ್ ಮಾಡೋಕೆ ಬೇಸರ ಅಂದರೆ ವಾಯ್ಸ್ ಮೆಸೇಜ್ ಆದರೂ ಸರಿ, ಬರೆದು ಕೊಡುವವರು ಬೇರೆ ಯಾರಾದರೂ ಇರುತ್ತಾರೆ. ಕನ್ನಡ ಶುದ್ಧವಾಗಿರಬೇಕು, ಇಂಗ್ಲಿಷ್ ಸರಿ ಇರಬೇಕು ಅನ್ನೋ ಹೆದರಿಕೆ ಮೊದಲು ಹೋಗಬೇಕು. ರೋಣದ ಒಬ್ಬ ಸಹಾಯಕರು ಆಡುಮಾತಿನಲ್ಲಿ ಬರೆದ ಗೈಡ್, ಪ್ರಿಂಟ್ ಚೆನ್ನಾಗಿರುವ ಯಾವ ಮ್ಯಾನ್ಯುಯಲ್‌ಗಿಂತಲೂ ಬ್ಯಾಡಗಿಯ ಇನ್ನೊಬ್ಬ ಸಹಾಯಕರಿಗೆ ಬೇಗ ಅರ್ಥವಾಗುತ್ತದೆ.

ಗೈಡ್ ಒಳಗೆ ಏನಿರಬೇಕು

ಎಲ್ಲಕ್ಕಿಂತ ಮೇಲೆ ಮೂರು ಸಂಗತಿ ಇರಲಿ: ಯಾವ ಕೋಹಾ ವರ್ಷನ್‌ನಲ್ಲಿ ಮಾಡಿ ನೋಡಿದ್ದು, ಯಾವ ತಿಂಗಳು, ಈ ಗೈಡ್ ನೋಡಿಕೊಳ್ಳುವವರು ಯಾರು. ವರ್ಷನ್ ಎಲ್ಲಿ ನೋಡೋದು ಅಂತ ಬಹಳ ಜನ ಕೇಳುತ್ತಾರೆ. ಸ್ಟಾಫ್ ಲಾಗಿನ್‌ನಲ್ಲಿ 'ಅಬೌಟ್ ಕೋಹಾ' ಪುಟ ತೆರೆದರೆ ಅಲ್ಲೇ ಇರುತ್ತದೆ, ಉಬುಂಟು ಅಥವಾ ಡೆಬಿಯನ್ ಯಾವುದು ಅನ್ನೋದೂ ಅಲ್ಲೇ ಸಿಗುತ್ತದೆ. ನೋಡಿಕೊಳ್ಳುವವರ ಹೆಸರು ಇಲ್ಲದ ಗೈಡ್ ಹಾಕಲೇಬೇಡಿ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ.

ಆಮೇಲೆ, ಗೈಡ್‌ಗಳಲ್ಲಿ ಎರಡು ಥರ ಇವೆ ಅನ್ನೋದು ಗಮನದಲ್ಲಿರಲಿ. ಒಂದು ಕೆಲಸ ಮಾಡಿ ಮುಗಿಸೋದಕ್ಕೆ, ಇನ್ನೊಂದು ಏನೋ ಕೆಟ್ಟಾಗ ಕಾರಣ ಹುಡುಕೋದಕ್ಕೆ. ಮೊದಲನೆಯದು ಹೆಜ್ಜೆ ಹೆಜ್ಜೆಯಾಗಿ ಹೋಗುತ್ತದೆ. ಎರಡನೆಯದನ್ನು ಹಾಗೆ ಬರೆಯೋಕಾಗೋದಿಲ್ಲ. "ಫೈನ್ ಬೀಳವಲ್ದು" ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಸರ್ಕ್ಯುಲೇಶನ್ ರೂಲ್‌ನಲ್ಲಿ ಆ ಕೆಟಗರಿಗೆ ಫೈನ್ ಮೊತ್ತವೇ ಹಾಕಿರಲಿಕ್ಕಿಲ್ಲ. ಸಿಸ್ಟಮ್ ಪ್ರಿಫರೆನ್ಸ್‌ನಲ್ಲಿ ಫೈನ್ಸ್‌ಮೋಡ್ ಆಫ್ ಇರಬಹುದು. ರಾತ್ರಿ ಹೊತ್ತಿಗೆ ಸರಿಯಾಗಿ ತಾನೇ ಓಡಬೇಕಾದ ಕ್ರಾನ್ ಕೆಲಸ ಓಡದೇ ಇರಬಹುದು, ಸಂಜೆ ಸರ್ವರ್ ಬಂದ್ ಮಾಡಿ ಮನೆಗೆ ಹೋಗುವ ಕಾಲೇಜುಗಳಲ್ಲಿ ಇದನ್ನು ತಪ್ಪದೇ ನೋಡಬೇಕು. ಅಥವಾ ಕ್ಯಾಲೆಂಡರ್‌ನಲ್ಲಿ ಆ ದಿನಗಳೆಲ್ಲ ರಜೆ ಅಂತ ಇರಬಹುದು. ಇಂಥ ಗೈಡ್‌ನಲ್ಲಿ ನೋಡೋಕೆ ಸುಲಭವಾದ ಕಾರಣ ಮೊದಲು, ಸರ್ವರ್ ಮುಟ್ಟಬೇಕಾದ ಕಾರಣ ಕೊನೆಗೆ. ಪ್ರತಿ ಕಾರಣದ ಜೊತೆ 'ಇದೇ ಅಂತ ಹೇಗೆ ಗೊತ್ತಾಗುತ್ತದೆ' ಅನ್ನೋ ಸಾಲು ಬೇಕೇ ಬೇಕು.

ಕಲಿಸುವ ಪಾಠವನ್ನು ಗೈಡ್ ಒಳಗೆ ತುರುಕಬೇಡಿ. ಮಾರ್ಕ್ 21 ಅಂದರೆ ಏನು, ಅದರಲ್ಲಿ 245, 952 ಅನ್ನೋ ಫೀಲ್ಡ್‌ಗಳು ಯಾಕೆ ಅಂತ ವಿವರಿಸೋದು ಒಳ್ಳೆಯದೇ, ಆದರೆ ಅದು ಬೇರೆ ಪುಟ. ಡಾನಿಯೆಲೆ ಪ್ರೊಚಿದಾ ಅನ್ನುವವರು ಸಾಫ್ಟ್‌ವೇರ್ ಬರಹಗಳನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಕಲಿಯೋಕೆ, ಮಾಡೋಕೆ, ಬೇಕಾದಾಗ ತೆಗೆದು ನೋಡೋಕೆ, ಅರ್ಥ ಮಾಡಿಕೊಳ್ಳೋಕೆ. ನಮ್ಮಂಥ ಸಣ್ಣ ಗುಂಪಿಗೆ ನಾಲ್ಕೂ ಬೇಕಿಲ್ಲ. ಮಾಡುವ ಗೈಡ್ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ, ಸದ್ಯಕ್ಕೆ ಅಷ್ಟು ಸಾಕು.

ಕಮಾಂಡ್ ಬರೆಯುವಾಗ ಬಹಳ ಹುಷಾರಾಗಿರಬೇಕು. ಕಮಾಂಡ್‌ನಲ್ಲಿ ಎರಡು ಸಣ್ಣ ಗೆರೆ ಪಕ್ಕಪಕ್ಕ ಬಂದರೆ ವರ್ಡ್ ಅದನ್ನು ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣೋದಿಲ್ಲ, ಟರ್ಮಿನಲ್ ಮಾತ್ರ ಒಪ್ಪೋದಿಲ್ಲ. ವಾಟ್ಸಾಪ್‌ನಲ್ಲಿ ಇನ್ನೊಂದು ತೊಂದರೆ: ಎರಡು ನಕ್ಷತ್ರದ ನಡುವೆ ಇರುವುದನ್ನು ಅದು ದಪ್ಪ ಅಕ್ಷರ ಮಾಡಿ ನಕ್ಷತ್ರವನ್ನೇ ಮಾಯ ಮಾಡಬಹುದು, ಅಂಡರ್‌ಸ್ಕೋರ್‌ಗೂ ಹಾಗೇ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ರಿಪೋರ್ಟ್ ಹೀಗೆ ಕಳಿಸಿದರೆ ಅರ್ಧಕ್ಕೆ ಕೆಡುತ್ತದೆ. ಕಳಿಸಲೇಬೇಕು ಅಂದರೆ ಮುಂದೆ ಹಿಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿ, ಅಥವಾ ಟೆಕ್ಸ್ಟ್ ಫೈಲ್ ಆಗಿ ಕಳಿಸಿ. ಗೈಡ್ ಪುಟದಲ್ಲಿ ಕಮಾಂಡ್ ಯಾವಾಗಲೂ ಬೇರೆ ಪೆಟ್ಟಿಗೆಯಲ್ಲಿ, ಟೈಪ್ ಮಾಡುವ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಅದರ ಫೋಟೊ ಹಾಕಬೇಡಿ, ಫೋಟೊದಿಂದ ಕಾಪಿ ಮಾಡೋಕೆ ಕಷ್ಟ. ಕೋಹಾ ಇನ್‌ಸ್ಟನ್ಸ್‌ಗೆ, ಅಂದರೆ ಸರ್ವರ್‌ನಲ್ಲಿ ಹಾಕಿಕೊಂಡ ಒಂದೊಂದು ಕೋಹಾಕ್ಕೆ, ನಮ್ಮ ಕಡೆ ಸಾಮಾನ್ಯವಾಗಿ 'ಲೈಬ್ರರಿ' ಅಂತಾನೇ ಹೆಸರಿರುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಹಾಗಾಗಿ ಹೆಸರು ನೋಡಿಕೊಳ್ಳುವ ಕೋಹಾ-ಲಿಸ್ಟ್ ಕಮಾಂಡ್ ಅನ್ನು ಮೊದಲ ಹೆಜ್ಜೆಯಾಗಿ ಕೊಡಿ.

ಸ್ಕ್ರೀನ್‌ಶಾಟ್ ಹಾಕುವಾಗ ಹುಡುಗ ಹುಡುಗಿಯರ ಹೆಸರು, ಫೋನ್ ನಂಬರ್, ಫೋಟೊ, ಅವರು ಓದುತ್ತಿರುವ ಪುಸ್ತಕದ ಪಟ್ಟಿ ಕಾಣಬಾರದು. ಇದರಲ್ಲಿ ರಾಜಿ ಇಲ್ಲ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಒಬ್ಬ ವಿದ್ಯಾರ್ಥಿನಿಯ ನಂಬರ್ ಮೂರು ಜಿಲ್ಲೆಗೆ ಹಂಚುವ ಹಕ್ಕು ನಮಗಿಲ್ಲ, ಅಲ್ವಾ? ಮೇಲೆ ಮಬ್ಬು ಬಳಿಯೋದಕ್ಕಿಂತ ಒಳ್ಳೆಯದು, ಸುಳ್ಳು ಹೆಸರಿನ ಮೆಂಬರ್‌ಗಳಿರುವ ಒಂದು ಟೆಸ್ಟ್ ಇನ್‌ಸ್ಟನ್ಸ್ ಮಾಡಿಕೊಂಡು ಎಲ್ಲಾ ಚಿತ್ರ ಅಲ್ಲಿಂದಲೇ ತೆಗೆಯೋದು. ಗೈಡ್ ಸರಿ ಇದೆಯಾ ಅಂತ ಮಾಡಿ ನೋಡೋದೂ ಅಲ್ಲೇ. ಕಾಲೇಜಿನ ನಿಜವಾದ ಡೇಟಾ ಮೇಲೆ ಪ್ರಯೋಗ ಬೇಡವೇ ಬೇಡ.

ಎಚ್ಚರಿಕೆಯ ಸಾಲು ಹೆಜ್ಜೆಗಿಂತ ಮುಂಚೆ ಬರಬೇಕು. ಬ್ಯಾಚ್ ಆಗಿ ಐಟಂ ಡಿಲೀಟ್ ಮಾಡುವ ಗೈಡ್‌ನಲ್ಲಿ ಬಟನ್ ಒತ್ತಿ ಅಂತ ಬರೆದು, ಮುಂದಿನ ಸಾಲಿನಲ್ಲಿ 'ಮೊದಲು ಬ್ಯಾಕಪ್ ತೆಗೆದಿರಬೇಕು' ಅಂದರೆ, ಅಷ್ಟರಲ್ಲಿ ಓದುವವರು ಒತ್ತಿ ಆಗಿರುತ್ತದೆ. ಜನ ಒಂದು ಸಾಲು ಓದುತ್ತಾರೆ, ಮಾಡುತ್ತಾರೆ, ಆಮೇಲೆ ಮುಂದಿನ ಸಾಲಿಗೆ ಬರುತ್ತಾರೆ. ಬರೆಯುವವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆಯಬೇಕು.

ಮೇ ಮತ್ತು ನವೆಂಬರ್

ಕೋಹಾ ವರ್ಷನ್ ನಂಬರ್‌ನಲ್ಲೇ ವರ್ಷ ಮತ್ತು ತಿಂಗಳು ಇರುತ್ತದೆ. 23.05 ಅಂದರೆ 2023ರ ಮೇ, 23.11 ಅಂದರೆ ಅದೇ ವರ್ಷದ ನವೆಂಬರ್. ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ, ನಡುವೆ ಸಣ್ಣ ತಿದ್ದುಪಡಿಗಳು. 2016ರ ಮೇ ತಿಂಗಳ 16.05ರಿಂದ ಹೀಗೆ ನಂಬರ್ ಕೊಡುವ ಕ್ರಮ ನಡೆದು ಬಂದಿದೆ. ಹಾಗಾಗಿ ಗೈಡ್ ಪರಿಶೀಲನೆಗೂ ಇವೇ ಎರಡು ತಿಂಗಳು ಇಟ್ಟುಕೊಳ್ಳಿ, ಬೇರೆ ದಿನಾಂಕ ಹುಡುಕುವ ಗೋಜು ಬೇಡ. ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಯಾವುದಾದರೂ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಒಂದು ದಿನ ಕೂಡಿ. ಗದಗ, ಹಾವೇರಿಯವರಿಗೆ ರೈಲು ಬಸ್ಸು ಎರಡೂ ಅನುಕೂಲ. ಬಿಡುಗಡೆಯ ಟಿಪ್ಪಣಿ ಓದಿ, ಯಾವ ಸ್ಕ್ರೀನ್ ಬದಲಾಗಿದೆ ನೋಡಿ, ಅದಕ್ಕೆ ಸೇರಿದ ಗೈಡ್‌ಗಳನ್ನು ಟೆಸ್ಟ್ ಇನ್‌ಸ್ಟನ್ಸ್‌ನಲ್ಲಿ ಮಾಡಿ ನೋಡಿ. ನೋಡಿಕೊಳ್ಳುವವರೇ ಮಾಡಿ ನೋಡಬಾರದು, ಆ ಕೆಲಸ ಗೊತ್ತಿಲ್ಲದವರಿಗೆ ಗೈಡ್ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತು ನೋಡಬೇಕು. ಎಲ್ಲಿ ಅವರ ಕೈ ನಿಲ್ಲುತ್ತದೋ ಅಲ್ಲಿ ಒಂದು ಸಾಲು ಕಡಿಮೆ ಇದೆ ಅಂತ ಅರ್ಥ.

ಎಲ್ಲರೂ ಒಂದೇ ವರ್ಷನ್‌ನಲ್ಲಿ ಇರೋದಿಲ್ಲ, ಇರಬೇಕು ಅಂತ ಬಯಸೋದೂ ಸರಿಯಲ್ಲ. ಹಳೆಯ ಕಂಪ್ಯೂಟರ್, ಹಳೆಯ ಉಬುಂಟು, ಅಪ್‌ಗ್ರೇಡ್ ಮಾಡೋಕೆ ಧೈರ್ಯ ಇಲ್ಲ, ಕಾರಣಗಳು ನಿಜವಾದವೇ. ಅದಕ್ಕೆ ಯಾವ ಕಾಲೇಜು ಯಾವ ವರ್ಷನ್‌ನಲ್ಲಿದೆ ಅನ್ನೋ ಪಟ್ಟಿ ಗುಂಪಿನೊಳಗೆ ಇರಲಿ. ಅದನ್ನು ಹೊರಗೆ ಹಾಕಬೇಡಿ, ಹಳೆಯ ವರ್ಷನ್ ಇರುವ ಸರ್ವರ್ ಯಾವುದು ಅಂತ ಊರಿಗೆಲ್ಲ ಹೇಳಿದ ಹಾಗಾಗುತ್ತದೆ. ಯಾರೂ ಬಳಸದ ವರ್ಷನ್‌ನ ಗೈಡ್ ಇಟ್ಟುಕೊಂಡು ಪ್ರಯೋಜನ ಇಲ್ಲ. ಬಳಸುವವರು ಒಬ್ಬರಿದ್ದರೂ ಅದನ್ನು ಇಡಿ, ಮೇಲೆ ದೊಡ್ಡದಾಗಿ '22.11ಕ್ಕಿಂತ ಹಿಂದಿನವರಿಗೆ' ಅಂತ ಬರೆಯಿರಿ.

ರಿಪೋರ್ಟ್‌ಗಳಲ್ಲಿ ವರ್ಷನ್ ವಿಷಯ ಇನ್ನೂ ಸೂಕ್ಷ್ಮ. ಸ್ಕ್ರೀನ್ ಬದಲಾದರೆ ಕಣ್ಣಿಗೆ ಕಾಣುತ್ತದೆ, ಡೇಟಾಬೇಸ್ ಟೇಬಲ್ ಬದಲಾದರೆ ಕಾಣೋದಿಲ್ಲ. 17.05ರಲ್ಲಿ ಮಾರ್ಕ್ ದಾಖಲೆಯನ್ನು ಬಿಬ್ಲಿಯೋಐಟಮ್ಸ್ ಟೇಬಲ್‌ನಿಂದ ತೆಗೆದು ಬಿಬ್ಲಿಯೋ_ಮೆಟಾಡೇಟಾ ಅನ್ನೋ ಬೇರೆ ಟೇಬಲ್‌ಗೆ ಹಾಕಿದರು. ಅದಕ್ಕಿಂತ ಮುಂಚೆ ಬರೆದ ಎಷ್ಟೋ ರಿಪೋರ್ಟ್‌ಗಳು ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಿವೆ, ಹಾಕಿದರೆ ಎರರ್ ಬರುತ್ತದೆ. ಎರರ್ ಬಂದರೆ ಪುಣ್ಯ. ತಪ್ಪು ಸಂಖ್ಯೆ ಬಂದು ಅದೇ ನ್ಯಾಕ್ ಫೈಲ್‌ಗೆ ಸೇರಿದರೆ ತೊಂದರೆ ದೊಡ್ಡದು. ಅಕ್ಸೆಶನ್ ರಿಜಿಸ್ಟರ್ ರಿಪೋರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ: ಕೆಲವು ಕಾಲೇಜು ಅಕ್ಸೆಶನ್ ನಂಬರನ್ನು ಬಾರ್‌ಕೋಡ್ ಕಾಲಂನಲ್ಲಿ ಹಾಕಿರುತ್ತವೆ, ಕೆಲವು ಸ್ಟಾಕ್ ನಂಬರ್ ಕಾಲಂನಲ್ಲಿ. ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಹಾಗೇ ಹೊಂದೋದಿಲ್ಲ. ಆದ್ದರಿಂದ ಪ್ರತಿ ರಿಪೋರ್ಟ್ ಗೈಡ್‌ನಲ್ಲಿ ಎರಡು ಸಂಗತಿ ಇರಲೇಬೇಕು, ನಿಮ್ಮಲ್ಲಿ ನಂಬರ್ ಎಲ್ಲಿದೆ ಅಂತ ಹೇಗೆ ನೋಡೋದು, ಮತ್ತು ಬಂದ ಉತ್ತರ ಸರಿ ಇದೆಯಾ ಅಂತ ಕಪಾಟಿನ ಪುಸ್ತಕ ತೆಗೆದು ಹೇಗೆ ತಾಳೆ ನೋಡೋದು.

ಎಲ್ಲಿ ಇಡೋದು

ಕೆಲವೇ ಗೈಡ್ ಇದ್ದಾಗ ಹಂಚಿಕೊಂಡ ಗೂಗಲ್ ಫೋಲ್ಡರ್ ಸಾಕು. ಜಾಸ್ತಿ ಆದಂತೆ ವಿಕಿ ಒಳ್ಳೆಯದು, ಯಾರು ಯಾವಾಗ ಏನು ಬದಲಿಸಿದರು ಅನ್ನೋದು ಉಳಿಯುತ್ತದೆ, ತಪ್ಪಾದರೆ ಹಿಂದಿನದಕ್ಕೆ ಹೋಗಬಹುದು. ಡೋಕುವಿಕಿ ಅಂತ ಒಂದಿದೆ, ಅದಕ್ಕೆ ಡೇಟಾಬೇಸ್ ಬೇಕಿಲ್ಲ, ಪುಟಗಳನ್ನು ಮಾಮೂಲಿ ಟೆಕ್ಸ್ಟ್ ಫೈಲ್ ಆಗಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಬ್ಯಾಕಪ್ ಅಂದರೆ ಫೋಲ್ಡರ್ ಕಾಪಿ ಮಾಡೋದು ಅಷ್ಟೇ. ಪ್ರೋಗ್ರಾಮ್ ಬರೆಯುವವರ ಗಿಟ್ ಬಳಸಿ ಅಂತ ಕಂಪ್ಯೂಟರ್ ವಿಭಾಗದ ಮೇಷ್ಟ್ರು ಹೇಳಬಹುದು. ಅವರಿಗೆ ಸುಲಭ, ನಮ್ಮಲ್ಲಿ ಹೆಚ್ಚಿನವರಿಗೆ ಅಲ್ಲ. ತಿದ್ದೋಕೆ ಕಷ್ಟವಾದರೆ ಯಾರೂ ತಿದ್ದೋದಿಲ್ಲ.

ಏನೇ ಬಳಸಿದರೂ ಕೋಹಾ ಇರುವ ಸರ್ವರ್‌ನಲ್ಲೇ ಗೈಡ್‌ಗಳನ್ನು ಇಡಬೇಡಿ. ಸರ್ವರ್ ಬಿದ್ದ ದಿನ ಅದನ್ನು ಎಬ್ಬಿಸುವ ಗೈಡ್ ಕೂಡ ಅದರೊಳಗೇ ಸಿಕ್ಕಿಬಿದ್ದಿರುತ್ತದೆ. 'ಈಗಲೇ ಕೆಲಸ ನಿಂತಿದೆ' ಭಾಗ ಮತ್ತು ಬ್ಯಾಕಪ್‌ನಿಂದ ವಾಪಸ್ ತರುವ ಗೈಡ್, ಇವೆರಡನ್ನೂ ಪ್ರಿಂಟ್ ತೆಗೆದು ಕೌಂಟರ್ ಡ್ರಾಯರ್‌ನಲ್ಲಿ ಇಡಿ. ಬ್ಯಾಕಪ್ ಮಾತು ಬಂತು, ಹೇಳಿಬಿಡುತ್ತೇನೆ. ಕೋಹಾದ ಡೆಬಿಯನ್ ಪ್ಯಾಕೇಜ್ ದಿನಾಲೂ ತಾನೇ ಬ್ಯಾಕಪ್ ತೆಗೆಯುತ್ತದೆ ನಿಜ, ಆದರೆ ಮೊದಲಿಂದ ಇರುವ ಸೆಟ್ಟಿಂಗ್‌ನಲ್ಲಿ 2 ದಿನದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಅದೂ ಅದೇ ಸರ್ವರ್‌ನಲ್ಲಿ. ಡಿಸ್ಕ್ ಹೋದರೆ ಎರಡೂ ಹೋದವು. ಬ್ಯಾಕಪ್ ಗೈಡ್ ಬರೆಯುವವರು ಫೈಲನ್ನು ಬೇರೆ ಡಿಸ್ಕ್‌ಗೆ ಒಯ್ಯುವ ಹೆಜ್ಜೆಯನ್ನೂ ಸೇರಿಸಿ, ಅದಿಲ್ಲದೆ ಆ ಗೈಡ್ ಮುಗಿದ ಹಾಗಲ್ಲ.

ಹಿರಿಯರ ಗೈಡ್ ಹಳೆಯದಾದಾಗ

ಕಂಪ್ಯೂಟರ್ ಕೆಲಸಕ್ಕಿಂತ ಕಷ್ಟದ್ದು ಇದು. ಒಂದೇ ವಿಷಯಕ್ಕೆ ಹಲವು ಗೈಡ್ ಇದ್ದಾಗ ಒಂದನ್ನು ಇಟ್ಟು ಉಳಿದವನ್ನು ಅದರಲ್ಲಿ ಸೇರಿಸಬೇಕು. ಆದರೆ ಆ ಹಳೆಯ ಗೈಡ್ ಬರೆದವರು ನಮಗೆಲ್ಲ ಕೋಹಾ ಕಲಿಸಿದ ಸರ್ ಆಗಿರುತ್ತಾರೆ. ಹೇಳದೆ ತೆಗೆದುಹಾಕಿದರೆ ಬೇಜಾರಾಗುತ್ತದೆ, ಆಗಲೇಬೇಕು ಕೂಡ, ಆ ಕಾಲದಲ್ಲಿ ಕೇಳೋಕೆ ಯಾರೂ ಇಲ್ಲದಾಗ ಅವರು ರಾತ್ರಿ ಕೂತು ಬರೆದದ್ದು ಅದು. ಫೋನ್ ಮಾಡಿ ಕೇಳಿ: "ಸರ್, ನಿಮ್ಮ ಗೈಡ್ ಇಟ್ಕೊಂಡೇ ಹೊಸದು ಮಾಡಾಕತ್ತೀವ್ರಿ, ಒಮ್ಮೆ ನೋಡಿ ಕೊಡ್ತೀರೇನ್ರಿ?" ಹೊಸ ಗೈಡ್‌ನ ಕೆಳಗೆ ಮೊದಲು ಬರೆದವರ ಹೆಸರು ಮೊದಲೇ ಇರಲಿ. ಹಳೆಯದನ್ನು ಅಳಿಸಬೇಡಿ, 'ಹಳೆಯವು' ಅನ್ನೋ ಜಾಗಕ್ಕೆ ಕಳಿಸಿ, ಮೇಲೆ ಹೊಸದಕ್ಕೆ ಲಿಂಕ್ ಕೊಡಿ. ನಿವೃತ್ತರಾದವರ ಹೆಸರಿನಲ್ಲಿ ಗೈಡ್ ನೋಡಿಕೊಳ್ಳುವ ಹೊಣೆ ಇದ್ದರೆ ಅದನ್ನು ಮಾತ್ರ ಬೇರೆಯವರಿಗೆ ವರ್ಗಾಯಿಸಿ.

ಬರೆದದ್ದಕ್ಕೆ ಶುರುವಿನಲ್ಲೇ ಒಂದು ಲೈಸೆನ್ಸ್ ಇಡಿ. ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಆಗಬಹುದು, ವಿಕಿಪೀಡಿಯದ್ದೂ ಅದೇ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಬರೆದವರ ಹೆಸರು ಹೇಳಬೇಕು, ತಿದ್ದಿದ್ದನ್ನೂ ಇದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಇದಿಲ್ಲದಿದ್ದರೆ ನಾಳೆ ಒಬ್ಬರ ಗೈಡನ್ನು ಇನ್ನೊಬ್ಬರು ತಿದ್ದಬಹುದಾ ಅನ್ನೋದೇ ಪ್ರಶ್ನೆ ಆಗುತ್ತದೆ.

ಇನ್ನು ಕೋಹಾದ ಅಧಿಕೃತ ಮ್ಯಾನ್ಯುಯಲ್. ಅದನ್ನು ಪೂರ್ತಿ ಕನ್ನಡಕ್ಕೆ ತರೋಕೆ ಹೋಗಬೇಡಿ, ವರ್ಷಕ್ಕೆ ಎರಡು ಸಲ ಬದಲಾಗುವ ಪುಸ್ತಕದ ಹಿಂದೆ ಓಡೋಕಾಗೋದಿಲ್ಲ. ಅಲ್ಲಿ ಚೆನ್ನಾಗಿರುವ ಭಾಗಕ್ಕೆ ಲಿಂಕ್ ಕೊಡಿ. ಅಲ್ಲಿ ಇಲ್ಲದ್ದನ್ನು, ಅಂದರೆ ನುಡಿ ಫಾಂಟ್‌ನಲ್ಲಿದ್ದ ಹಳೆಯ ದಾಖಲೆಗಳನ್ನು ಯೂನಿಕೋಡ್ ಮಾಡೋದು, ಕನ್ನಡ ಹುಡುಕಾಟ ಸರಿ ಬರೋಕೆ ಝೀಬ್ರಾದಲ್ಲಿ ಐಸಿಯು ಅನ್ನೋ ಬಹುಭಾಷೆಯ ಇಂಡೆಕ್ಸಿಂಗ್ ಹಾಕೋದು, ಲೇಬಲ್‌ನಲ್ಲಿ ಕನ್ನಡ ಅಕ್ಷರ ಸರಿ ಬರಿಸೋದು, ಇಂಥವನ್ನು ನಾವೇ ಬರೆಯಬೇಕು, ಬೇರೆ ಯಾರೂ ನಮಗೋಸ್ಕರ ಬರೆಯೋದಿಲ್ಲ. 1999ರಲ್ಲಿ ನ್ಯೂಜಿಲೆಂಡ್‌ನ ಹೊರೊವೆನುವಾ ಅನ್ನೋ ಜಿಲ್ಲೆಯ ಊರುಗಳ ಲೈಬ್ರರಿಗೆ ವೈ2ಕೆ ತಾಳದ, ಅಂದರೆ 2000ನೇ ಇಸವಿಯ ದಿನಾಂಕ ನಿಭಾಯಿಸಲಾಗದ ಹಳೆಯ ಸಾಫ್ಟ್‌ವೇರ್ ಬಿಡಬೇಕಾಗಿ ಬಂದಾಗ ಹುಟ್ಟಿದ್ದು ಕೋಹಾ. ದೊಡ್ಡ ನಗರದ ಲೈಬ್ರರಿಯಲ್ಲ ಅದು. ಆಮೇಲೆ ಅದು ಬೆಳೆದದ್ದು ಇಂಥ ಲೈಬ್ರರಿಗಳು ತಮಗೆ ಬೇಕಾದ್ದನ್ನು ತಾವೇ ಹೇಳಿದ್ದರಿಂದ, ಮಾಡಿದ್ದರಿಂದ. ಗೈಡ್ ಬರೆಯುವಾಗ ಕೋಹಾದಲ್ಲೇ ತಪ್ಪು ಕಂಡರೆ, ಅದರ ಸುತ್ತ ಬಳಸಿ ಹೋಗುವ ದಾರಿ ಬರೆದು ಸುಮ್ಮನಾಗಬೇಡಿ. ಕೋಹಾದ ತಪ್ಪುಗಳನ್ನು ದಾಖಲಿಸುವ ಬಗ್‌ಝಿಲ್ಲಾ ತಾಣದಲ್ಲಿ ಖಾತೆ ಮಾಡಿಕೊಂಡು ಹಾಕಿ: ಯಾವ ವರ್ಷನ್, ಏನೇನು ಒತ್ತಿದಿರಿ, ಏನು ಆಗಬೇಕಿತ್ತು, ಏನಾಯಿತು. ಅದರ ನಂಬರ್ ಅನ್ನು ನಮ್ಮ ಗೈಡ್‌ನಲ್ಲೂ ಬರೆದಿಡಿ, ಸರಿಯಾದ ವರ್ಷನ್ ಬಂದಾಗ ಆ ಬಳಸು ದಾರಿಯ ಸಾಲುಗಳನ್ನು ತೆಗೆಯಬಹುದು ಅಂತ ಮುಂದಿನವರಿಗೆ ಗೊತ್ತಾಗುತ್ತದೆ.